ಕೇಂದ್ರ ಕಚೇರಿಯೂ ದೂರದ ಕಾರ್ಖಾನೆಯೂ: ಚಾಂಡ್ಲರರ ಒಂದು ಪ್ರಮೇಯದ ವಿಮರ್ಶೆ

ಒಂದು ಊರಿನ ಕಚೇರಿಯಲ್ಲಿ ಕುಳಿತು, ನೂರಾರು ಮೈಲಿ ದೂರದ ಹತ್ತಾರು ಕಾರ್ಖಾನೆಗಳಿಗೆ, ಇಂಥ ಸರಕನ್ನು ಇಷ್ಟು ಮೊತ್ತದಲ್ಲಿ ಇಂಥ ದಿನ ಇಂಥವರಿಗೆ ರವಾನಿಸತಕ್ಕದ್ದೆಂದು ತಿಳಿಸುವ ಪದ್ಧತಿ ಇಂದು ನಮಗೆ ಅತಿ ಸಹಜವಾಗಿ ತೋರುತ್ತದೆ. ಆದರೆ ಕೈಗಾರಿಕೆಯ ದೀರ್ಘ ಇತಿಹಾಸದಲ್ಲಿ ಇದು ತೀರ ಈಚಿನ ಮಾತು. ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ನಿನ ನಿರ್ದೇಶಕರೂ ತಮಗೆ ಬೇಕಾದ ಬಟ್ಟೆಯ ಪಟ್ಟಿಯನ್ನು ಭಾರತದ ಕೋಠಿಗಳಿಗೆ ಬರೆದು ಕಳುಹಿಸುತ್ತಿದ್ದರು, ನಿಜ. ಆದರೆ ಹಡಗು ಹೋಗಿ, ಸರಕನ್ನು ಹೇರಿಕೊಂಡು ಮರಳಿ ಬರುವುದರೊಳಗೆ ಒಂದು ವರ್ಷ ಕಳೆದು ಮತ್ತೊಂದು ಹಿಡಿಯುತ್ತಿತ್ತು. ಅಂಥ ಪಟ್ಟಿಯನ್ನು ಆಶಯವೆನ್ನಬಹುದೇ ಹೊರತು ಆಡಳಿತವೆನ್ನಲಾಗದು. ರೈಲೂ ತಂತಿಯೂ ಬಂದ ಮೇಲೆಯೇ ದೂರದ ಕಾರ್ಖಾನೆ ಕೇಂದ್ರ ಕಚೇರಿಯ ಕೈಯಳತೆಗೆ ಬಂದದ್ದು.

ಈ ಪರಿವರ್ತನೆಯನ್ನು ಕುರಿತು ಬರೆದವರಲ್ಲಿ ಅಗ್ರಗಣ್ಯರೆಂದರೆ ಅಮೆರಿಕದ ಇತಿಹಾಸಕಾರ ಆಲ್‌ಫ್ರೆಡ್ ಚಾಂಡ್ಲರ್ (1918–2007). ಅವರ ‘ದಿ ವಿಸಿಬಲ್ ಹ್ಯಾಂಡ್’ 1977ರಲ್ಲಿ ಪ್ರಕಟವಾಗಿ ಮರುವರ್ಷವೇ ಇತಿಹಾಸ ವಿಭಾಗದ ಪುಲಿಟ್ಜರ್ ಪಾರಿತೋಷಕವನ್ನು ಪಡೆಯಿತು. ಆಡಂ ಸ್ಮಿತ್ ಹೇಳಿದ ಕಾಣದ ಕೈಯ ಸ್ಥಾನದಲ್ಲಿ, ಎಂದರೆ ಮಾರುಕಟ್ಟೆಯ ಸ್ಥಾನದಲ್ಲಿ, ವ್ಯವಸ್ಥಾಪಕರ ಕಾಣುವ ಕೈ ಹೇಗೆ ಬಂದು ನಿಂತಿತೆಂಬುದು ಆ ಗ್ರಂಥದ ವಸ್ತು. ಇಷ್ಟು ವಿಪುಲವಾದ ಸಾಮಗ್ರಿಯನ್ನು ಇಷ್ಟು ಅಚ್ಚುಕಟ್ಟಾಗಿ ಜೋಡಿಸಿದ ಇನ್ನೊಂದು ಆರ್ಥಿಕ ಇತಿಹಾಸ ಗ್ರಂಥವನ್ನು ನಾನು ಓದಿಲ್ಲ. ಅದರ ಸಮಗ್ರ ವಿಮರ್ಶೆ ಇಲ್ಲಿಯ ಉದ್ದೇಶವಲ್ಲ. ಅದರೊಳಗಿನ ಒಂದು ಪ್ರಮೇಯವನ್ನು ಮಾತ್ರ ಪರಿಶೀಲಿಸಬೇಕೆಂದಿದ್ದೇನೆ. ಸುದ್ದಿ ಕೇಂದ್ರಕ್ಕೆ ಬೇಗನೆ ಬಂದು, ಅಪ್ಪಣೆ ಕೇಂದ್ರದಿಂದ ಬೇಗನೆ ಹೊರಟರೆ, ಉತ್ಪಾದನೆಯೂ ವಿತರಣೆಯೂ ಹೊಂದಿಕೊಂಡಂತೆಯೇ ಎಂಬ ಭಾವನೆ ಗ್ರಂಥದುದ್ದಕ್ಕೂ ಹರಿದುಬಂದಿದೆ. ಇದು ಅರ್ಧ ಸತ್ಯವೆಂದು ನನ್ನ ಅಭಿಪ್ರಾಯ. ಬಂದ ಸುದ್ದಿ ಸರಕಿನ ನಿಜಸ್ಥಿತಿಯೊಡನೆ ತಾಳೆಯಾಗುತ್ತದೆಯೇ ಎಂಬ ಪ್ರಶ್ನೆ ಅದರಲ್ಲಿ ಹಿಂದೆ ಸರಿದಿದೆ. ಆ ಪ್ರಶ್ನೆಯನ್ನು ಮುಂದೆ ತಂದುಕೊಂಡರೆ, ಚಾಂಡ್ಲರರು ಒಂದೇ ಸಾಲಿನಲ್ಲಿ ನಿಲ್ಲಿಸಿದ ಉದ್ಯಮಗಳು ಎರಡು ಗುಂಪಾಗಿ ಒಡೆಯುತ್ತವೆ.

ಮುಂದುವರಿಯುವ ಮೊದಲು ಒಂದು ಶಬ್ದದ ವಿಚಾರವನ್ನು ಹೇಳಬೇಕು. ನಮ್ಮ ಪೇಟೆಯಲ್ಲಿ ‘ಆರ್ಡರು’ ಎಂಬ ಮಾತು ಎಷ್ಟೋ ಕಾಲದಿಂದ ರೂಢವಾಗಿದೆ. ಅಂಗಡಿಯವನು ‘ಆರ್ಡರು ಬಂತು’ ಎಂದರೆ ಗಿರಾಕಿ ಕೇಳಿದ್ದಾನೆ ಎಂದರ್ಥ. ಕಚೇರಿಯ ಜವಾನ ಅದೇ ಮಾತನ್ನು ಆಡಿದರೆ ಮೇಲಧಿಕಾರಿ ವಿಧಿಸಿದ್ದಾನೆ ಎಂದರ್ಥ. ಕನ್ನಡದಲ್ಲಿ ಇವಕ್ಕೆ ಎರಡು ಶಬ್ದಗಳಿವೆ: ಮೊದಲನೆಯದು ಬೇಡಿಕೆ, ಎರಡನೆಯದು ಆಜ್ಞೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಎರಡಕ್ಕೂ ಒಂದೇ ಶಬ್ದವಾದುದರಿಂದ ಇವೆರಡರ ನಡುವಣ ಅಂತರ ಅವರ ಲೇಖನಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಕೇಂದ್ರ ಕಚೇರಿಯ ಕೆಲಸವೆಲ್ಲ ಇರುವುದು ಈ ಅಂತರದಲ್ಲಿಯೇ. ದೂರದ ವ್ಯಾಪಾರಿಯಿಂದ ಅದು ಬೇಡಿಕೆಯನ್ನು ಪಡೆಯುತ್ತದೆ, ದೂರದ ಕಾರ್ಖಾನೆಗೆ ಆಜ್ಞೆಯನ್ನು ಕಳುಹಿಸುತ್ತದೆ. ಬೇಡಿಕೆಯನ್ನು ಆಜ್ಞೆಯಾಗಿ ಮಾರ್ಪಡಿಸಬೇಕಾದರೆ ಯಾವ ಕಾರ್ಖಾನೆಯಲ್ಲಿ ಎಷ್ಟು ದಾಸ್ತಾನಿದೆ, ಯಾವ ಉಗ್ರಾಣ ಬರಿದಾಗಿದೆ, ಯಾವ ಬಂಡಿ ಹೊರಡಲು ಸಿದ್ಧವಾಗಿದೆ ಎಂಬುದು ತಿಳಿದಿರಬೇಕು. ಅದನ್ನು ತಿಳಿಸಬೇಕಾದವನು ಯಾರು? ಆಜ್ಞೆಯನ್ನು ಸ್ವೀಕರಿಸುವವನೇ. ಈ ವರ್ತುಲವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಚಾಂಡ್ಲರರ ಕಥನ ರೈಲ್ವೆಗಳಿಂದ ಬೆಳೆಯುತ್ತದೆ, ಅದು ಸರಿಯೂ ಹೌದು. ಮ್ಯಾಸಚೂಸೆಟ್ಸಿನ ವೆಸ್ಟರ್ನ್ ರೈಲ್‌ರೋಡಿನಲ್ಲಿ 1841ರ ಅಕ್ಟೋಬರ್ 5ರಂದು ಎರಡು ರೈಲುಗಳು ಮುಖಾಮುಖಿ ಡಿಕ್ಕಿಹೊಡೆದವು. ಆ ಅಪಘಾತದ ತನಿಖೆಯ ಫಲವಾಗಿ, ಯಾರು ಯಾರಿಗೆ ವರದಿ ಮಾಡಬೇಕು, ಯಾರು ಯಾವುದಕ್ಕೆ ಹೊಣೆ ಎಂಬ ಸ್ಪಷ್ಟ ಶ್ರೇಣಿ ಏರ್ಪಟ್ಟಿತು. 1844ರಲ್ಲಿ ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತಂತಿ ಕಳುಹಿಸಿದರು. 1850ರ ದಶಕದಲ್ಲಿ ಈರಿ ರೈಲ್ವೆಯ ಮೇಲ್ವಿಚಾರಕರಾಗಿದ್ದ ಡೇನಿಯಲ್ ಮೆಕ್ಯಾಲಮ್, ಐವತ್ತು ಮೈಲಿಯ ರೈಲ್ವೆಯನ್ನು ಒಬ್ಬ ಮೇಲ್ವಿಚಾರಕ ಕಣ್ಣಾರೆ ನೋಡಿಕೊಳ್ಳಬಹುದು, ಐನೂರು ಮೈಲಿಯದನ್ನು ಹಾಗೆ ನೋಡಿಕೊಳ್ಳುವುದು ಅಸಾಧ್ಯ ಎಂಬ ಮಾತನ್ನು ತಮ್ಮ ವರದಿಯಲ್ಲಿ ಎತ್ತಿ ಹೇಳಿದರು. ರೈಲುಗಳ ಸ್ಥಾನವನ್ನು ಗಂಟೆಗಂಟೆಗೆ ತಂತಿಯ ಮೂಲಕ ತರಿಸಿಕೊಳ್ಳುವ ಏರ್ಪಾಟನ್ನೂ ಮಾಡಿದರು. ಇಲ್ಲಿಯವರೆಗೆ ಚಾಂಡ್ಲರರ ವಾದದಲ್ಲಿ ಎಲ್ಲಿಯೂ ಬಿರುಕಿಲ್ಲ. ಏಕೆಂದರೆ ರೈಲಿನ ವಿಷಯದಲ್ಲಿ ಸುದ್ದಿಗೂ ವಸ್ತುಸ್ಥಿತಿಗೂ ಅಂತರ ಬಂದರೆ ಅದು ಬಹುಕಾಲ ಅಡಗಿರಲಾರದು. ನಿಲ್ದಾಣಕ್ಕೆ ರೈಲು ಬರುತ್ತದೆ, ಇಲ್ಲವೆ ಬರುವುದಿಲ್ಲ.

ರೈಲ್ವೆಯಿಂದ ಕಾರ್ಖಾನೆಗೆ ದಾಟುವಾಗ ಚಾಂಡ್ಲರರು ಆರಿಸಿಕೊಳ್ಳುವ ಉದಾಹರಣೆಗಳಲ್ಲಿ ಗಸ್ಟೇವಸ್ ಸ್ವಿಫ್ಟರ ಮಾಂಸೋದ್ಯಮ ಅತ್ಯಂತ ಸೊಗಸಾದದ್ದು. ನಮ್ಮಲ್ಲಿ ಅನೇಕರಿಗೆ ವಿಷಯ ಹಿತವೆನಿಸದಿರಬಹುದು. ಆದರೆ ಇತಿಹಾಸದ ವಿದ್ಯಾರ್ಥಿ ಅದನ್ನು ಬಿಡುವಂತಿಲ್ಲ. ಸ್ವಿಫ್ಟ್ 1875ರಲ್ಲಿ ಶಿಕಾಗೊಗೆ ಬಂದ ಪೂರ್ವತೀರದ ಕಟುಕ. ಆಗ ಪಶ್ಚಿಮದ ಬಯಲಿನ ದನಗಳನ್ನು ಜೀವಸಹಿತ ರೈಲಿಗೆ ಹೇರಿ ಪೂರ್ವದ ನಗರಗಳಿಗೆ ಸಾಗಿಸುತ್ತಿದ್ದರು. ಪ್ರಾಣಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ತಿನ್ನಲು ಬಾರದ್ದಾದುದರಿಂದ, ಆ ಬಾಡಿಗೆಯೆಲ್ಲ ವ್ಯರ್ಥವೆಂದು ಸ್ವಿಫ್ಟ್ ಲೆಕ್ಕ ಹಾಕಿದರು. ದನಗಳನ್ನು ಶಿಕಾಗೊದಲ್ಲಿಯೇ ಕಡಿದು, ಮಂಜುಗಡ್ಡೆ ತುಂಬಿದ ಶೀತಲ ಬಂಡಿಗಳಲ್ಲಿ ಮಾಂಸವನ್ನು ಮಾತ್ರ ಕಳುಹಿಸುವುದು ಅವರ ಯೋಜನೆ. ದನದ ಬಂಡಿಗಳಲ್ಲಿ ಬಂಡವಾಳ ಹೂಡಿದ್ದ ದೊಡ್ಡ ರೈಲ್ವೆಗಳು ಇದಕ್ಕೆ ಅಡ್ಡಿಯಾದುವು. ಸ್ವಿಫ್ಟ್ ಕೆನಡದ ಗ್ರ್ಯಾಂಡ್ ಟ್ರಂಕ್ ರೈಲ್ವೆಯ ದಾರಿ ಹಿಡಿದರು. ದಾರಿಯುದ್ದಕ್ಕೂ ಮಂಜುಗಡ್ಡೆಯ ಠಾಣೆಗಳು, ಪೂರ್ವದ ಊರೂರುಗಳಲ್ಲಿ ಶೀತಲ ಕೋಣೆಯುಳ್ಳ ಶಾಖೆಗಳು, ಅನಂತರ ಕಾನ್ಸಾಸ್ ಸಿಟಿ, ಒಮಾಹ, ಸೇಂಟ್ ಲೂಯಿಸ್ ಮೊದಲಾದ ಕಡೆ ಹೊಸ ಮಾಂಸದ ಕಾರ್ಖಾನೆಗಳು ಸ್ಥಾಪಿತವಾದುವು. ಶಾಖೆಗಳಿಂದ ತಮಗೆ ಬೇಕಾದುದನ್ನು ಕುರಿತ ತಂತಿಗಳು ಶಿಕಾಗೊಗೆ ಬರುತ್ತಿದ್ದುವು. ಅಲ್ಲಿಂದ ಕಾರ್ಖಾನೆಗಳಿಗೂ ದನದ ಸಂತೆಯಲ್ಲಿ ನಿಂತ ಖರೀದಿದಾರರಿಗೂ ತಂತಿಗಳು ಹೊರಡುತ್ತಿದ್ದುವು.

ದೂರದ ಕಾರ್ಖಾನೆಗಳನ್ನು ಒಂದೇ ಬೇಡಿಕೆಯ ಹಾಗೂ ರವಾನೆಯ ವ್ಯವಸ್ಥೆಗೆ ಪೋಣಿಸಿದ ಮೊದಲ ದೊಡ್ಡ ನಿದರ್ಶನಗಳಲ್ಲಿ ಇದೊಂದೆಂಬುದು ನಿರ್ವಿವಾದ. ಚಾಂಡ್ಲರರು ಇದರ ಯಶಸ್ಸನ್ನು ತಂತಿಯ ವೇಗಕ್ಕೂ ಕೇಂದ್ರದ ಸಂಘಟನೆಗೂ ಸಲ್ಲಿಸುತ್ತಾರೆ. ಸರಕು ವ್ಯವಸ್ಥೆಯ ಮೂಲಕ ಹರಿದುಹೋಗುವ ವೇಗ ಅವರ ಮುಖ್ಯ ಮಾನದಂಡ. ಸ್ವಿಫ್ಟರ ವ್ಯವಸ್ಥೆ ಅಷ್ಟು ವೇಗವಾಗಿ ಹರಿಯಲೇಬೇಕಾಗಿತ್ತೆಂಬುದನ್ನು, ಏಕೆಂದರೆ ಮಾಂಸ ಕೆಡುವ ವಸ್ತುವೆಂಬುದನ್ನು, ಅವರೂ ಹೇಳುತ್ತಾರೆ. ಆದರೆ ಕೆಡುವ ಗುಣವನ್ನು ಅವರು ಒಂದು ತೊಡಕಾಗಿ ಮಾತ್ರ ಕಾಣುತ್ತಾರೆ. ಸಂಘಟನೆಯ ಬಲದಿಂದ ಗೆಲ್ಲಬೇಕಾದ ತೊಡಕಾಗಿ. ನನಗೆ ಕಾಣುವುದು ಇದಕ್ಕೆ ವಿಪರೀತ. ಮಾಂಸ ಕೆಡುತ್ತಿದ್ದುದೇ ಆ ವ್ಯವಸ್ಥೆಗೆ ಲೆಕ್ಕಪರಿಶೋಧಕನಂತಿತ್ತು. ಶಾಖೆಯ ಮ್ಯಾನೇಜರು ತನಗೆ ಬೇಕಾದುದಕ್ಕಿಂತ ಹೆಚ್ಚು ಮಾಂಸವನ್ನು ತರಿಸಿಕೊಂಡನೆನ್ನೋಣ. ಆ ತಪ್ಪನ್ನು ಮುಚ್ಚಿಡಲು ಅವನಿಗೆ ಎಷ್ಟು ದಿನಗಳ ಅವಕಾಶವಿದೆ? ಕೆಲವೇ ದಿನಗಳು. ಆಮೇಲೆ ಅವನು ಬೆಲೆಯನ್ನು ಇಳಿಸಿ ಮಾರಲೇಬೇಕು; ಇಳಿದ ಬೆಲೆ ಲೆಕ್ಕದಲ್ಲಿ ಕಾಣಲೇಬೇಕು. ಅವನು ಪ್ರಾಮಾಣಿಕನಿರಲಿ ಇಲ್ಲದಿರಲಿ, ಶಿಕಾಗೊದ ಕಚೇರಿಗೆ ನಿಜ ತಿಳಿದೇ ತಿಳಿಯುತ್ತಿತ್ತು. ತಿಳಿಯುವುದು ಸ್ವಲ್ಪ ತಡವಾಗಿ, ನಷ್ಟವಾದ ಮೇಲೆ; ಆದರೂ ವಾರಗಟ್ಟಲೆ ತಡವಾಗಿ ಅಲ್ಲ.

ವಿಲಿಯಂ ಕ್ರೋನನ್ ಅವರ ‘ನೇಚರ್ಸ್ ಮೆಟ್ರೊಪೊಲಿಸ್’ (1991) ಶಿಕಾಗೊವನ್ನೂ ಅದರ ಹಿನ್ನಾಡನ್ನೂ ಕುರಿತ ಗ್ರಂಥ. ಮಾಂಸವನ್ನು ಕುರಿತ ಅದರ ಅಧ್ಯಾಯದಲ್ಲಿ ಮಂಜುಗಡ್ಡೆಗೆ, ಚಳಿಗಾಲಕ್ಕೆ, ಹುಲ್ಲಿಗೆ ಸಿಕ್ಕಿರುವ ಸ್ಥಾನ ಚಾಂಡ್ಲರರಲ್ಲಿ ಸಿಕ್ಕಿಲ್ಲ. ಸರಕಿನ ಸ್ವಭಾವ ಸಂಘಟನೆಯನ್ನು ರೂಪಿಸುತ್ತದೆಂಬ ಅರಿವು ಕ್ರೋನನ್ನರಲ್ಲಿ ಜೀವಂತವಾಗಿದೆ. ಆದರೆ ಅವರ ಗಮನ ನಿಸರ್ಗದಿಂದ ಮಾರುಕಟ್ಟೆಗೆ ಹೋಗುವ ದಾರಿಯ ಮೇಲಿದೆ. ಲೆಕ್ಕದ ಪುಸ್ತಕದ ಸತ್ಯಾಸತ್ಯದ ಮೇಲಲ್ಲ. ಆದ್ದರಿಂದ ಅವರೂ ನಮ್ಮ ಪ್ರಶ್ನೆಯ ಬಾಗಿಲವರೆಗೆ ಬಂದು ಬೇರೆ ಕಡೆ ತಿರುಗುತ್ತಾರೆ.

ಈಗ ಕೆಡದ ಸರಕಿನ ಕಡೆಗೆ ಬರೋಣ. ಮೋಟಾರು ವಾಹನ ಕೊಳೆಯುವುದಿಲ್ಲ, ನಾರುವುದಿಲ್ಲ. ವ್ಯಾಪಾರಿಯ ಹಿತ್ತಲಲ್ಲಿ ತಿಂಗಳುಗಟ್ಟಲೆ ಸುಮ್ಮನೆ ನಿಂತಿರುತ್ತದೆ. ಜನರಲ್ ಮೋಟಾರ್ಸ್ ಕಂಪೆನಿ 1920ರ ಕುಸಿತದಲ್ಲಿ ದಾಸ್ತಾನಿನ ಭಾರದಿಂದ ಮುಳುಗುವ ಸ್ಥಿತಿಗೆ ಬಂದು, ಅದರ ಸ್ಥಾಪಕ ಡ್ಯುರಾಂಟ್ ಆ ವರ್ಷದ ಕೊನೆಯಲ್ಲಿ ಹೊರನಡೆದರು. ಡು ಪಾಂಟ್ ಕಂಪೆನಿಯಿಂದ ಬಂದ ಪಿಯೆರ್ ಡು ಪಾಂಟ್, ಡೊನಾಲ್ಡ್‌ಸನ್ ಬ್ರೌನ್ ಮೊದಲಾದವರು ಲೆಕ್ಕಾಚಾರದ ಹೊಸ ಶಿಸ್ತನ್ನು ತಂದರು. 1923ರಲ್ಲಿ ಆಲ್‌ಫ್ರೆಡ್ ಸ್ಲೋನ್ ಅಧ್ಯಕ್ಷರಾದರು. ಅಷ್ಟರಲ್ಲಿ ಕಂಪೆನಿಯ ಕೇಂದ್ರ ಕಚೇರಿಯಷ್ಟು ಅಂಕಿಗಳಿಂದ ಸಜ್ಜಾದ ಕಚೇರಿ ಅಮೆರಿಕದಲ್ಲಿ ಬಹಳ ಇರಲಾರದು. ಆದಾಗ್ಯೂ ಮರುವರ್ಷವೇ ನಡೆದದ್ದನ್ನು ನೋಡಿ. 1924ರ ವಸಂತದಲ್ಲಿ ಉತ್ಪಾದನೆ ಮಾರಾಟವನ್ನು ಮೀರುತ್ತಿದೆಯೆಂಬ ಸಂಶಯ ಸ್ಲೋನರಿಗೆ ಬಂತು. ವಿಭಾಗಗಳ ವ್ಯವಸ್ಥಾಪಕರು ಒಪ್ಪಲು ಹಿಂಜರಿದರು. ಅಂಕಿಗಳು ಮೇಜಿಗೆ ಬರುವುದರೊಳಗೆ ವಾರಗಳು ಕಳೆದಿರುತ್ತಿದ್ದುವು. ಮೇ ತಿಂಗಳಲ್ಲಿ ಸ್ಲೋನ್ ಬ್ರೌನರೊಡನೆ ಪ್ರವಾಸ ಹೊರಟು ಸೇಂಟ್ ಲೂಯಿಸ್, ಕಾನ್ಸಾಸ್ ಸಿಟಿ, ಲಾಸ್ ಏಂಜಲಿಸ್ ನಗರಗಳಲ್ಲಿ ವ್ಯಾಪಾರಿಗಳ ಬಳಿ ನಿಂತಿದ್ದ ವಾಹನಗಳನ್ನು ಎಣಿಸಿದರು. ಎಲ್ಲೆಡೆಯೂ ಅವು ಮಿತಿಮೀರಿದ್ದುವು. ವಿಭಾಗಗಳಿಗೆ ನೇರವಾದ ಆಜ್ಞೆ ಕೊಡುವುದು ಸ್ಲೋನರ ಸ್ವಭಾವವಲ್ಲ. ಆಗ ಮಾತ್ರ ಉತ್ಪಾದನೆಯನ್ನು ಕೂಡಲೆ ಇಳಿಸುವಂತೆ ಕಟ್ಟಪ್ಪಣೆ ಮಾಡಿದರು. ಇದನ್ನೆಲ್ಲ ಅವರೇ ತಮ್ಮ ‘ಮೈ ಇಯರ್ಸ್ ವಿತ್ ಜನರಲ್ ಮೋಟಾರ್ಸ್’ ಗ್ರಂಥದಲ್ಲಿ ವಿವರಿಸಿದ್ದಾರೆ.

ಈ ಪ್ರಸಂಗ ಚಾಂಡ್ಲರರಿಗೆ ಅಪರಿಚಿತವೆನ್ನುವಂತಿಲ್ಲ. ಸ್ಲೋನರ ಆ ಗ್ರಂಥದ ಸಿದ್ಧತೆಯಲ್ಲಿ ಅವರು ಸಂಶೋಧಕರಾಗಿ ಸಹಕರಿಸಿದವರು; ತಮ್ಮ ‘ಸ್ಟ್ರ್ಯಾಟೆಜಿ ಅಂಡ್ ಸ್ಟ್ರಕ್ಚರ್’ (1962) ಗ್ರಂಥದಲ್ಲಿ ಈ ಕಂಪೆನಿಗೇ ಒಂದು ದೀರ್ಘ ಅಧ್ಯಾಯವನ್ನು ಮೀಸಲಿಟ್ಟವರು. ಅವರ ಒಟ್ಟು ಕಥನದಲ್ಲಿ ಇಂಥ ಬಿಕ್ಕಟ್ಟುಗಳು ಬೆಳವಣಿಗೆಯ ನೋವುಗಳು. ಪದ್ಧತಿ ಇನ್ನೂ ಪಕ್ವವಾಗಿರಲಿಲ್ಲ, ಮುಂದೆ ಆಯಿತು ಎಂಬ ಧಾಟಿ. ವಾಸ್ತವವಾಗಿ ಮುಂದೆ ಸುಧಾರಣೆಯೂ ಆಯಿತು. ವ್ಯಾಪಾರಿಗಳಿಂದ ಹತ್ತು ದಿನಗಳಿಗೊಮ್ಮೆ ವರದಿ ತರಿಸಿಕೊಳ್ಳುವ ಕ್ರಮ ಬಂತು. ಅದರ ಜೊತೆಗೆ, ಹೊಸ ವಾಹನಗಳ ನೋಂದಣಿಯ ಅಂಕಿಗಳನ್ನು ಆರ್. ಎಲ್. ಪೋಕ್ ಎಂಬ ಹೊರಗಿನ ಸಂಸ್ಥೆಯಿಂದ ಪಡೆಯುವ ಏರ್ಪಾಟೂ ಆಯಿತು. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಅರ್ಥವತ್ತಾದದ್ದು. ಸುದ್ದಿ ಬೇಗ ಬಂದರೆ ಸಾಕೆಂಬ ನಂಬಿಕೆಯಿದ್ದಿದ್ದರೆ ಹತ್ತು ದಿನದ ವರದಿಯೇ ಸಾಕಾಗಿತ್ತು. ವರದಿ ಕೊಡುವವನ ಮಾತನ್ನು ವರದಿಯಿಂದಲೇ ಪರೀಕ್ಷಿಸಲಾಗದೆಂದು ಕಂಡುದರಿಂದಲೇ ಮೂರನೆಯವನ ಲೆಕ್ಕ ಬೇಕಾಯಿತು. ಮಾಂಸದ ವಾಸನೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸರ್ಕಾರದ ನೋಂದಣಿ ಪುಸ್ತಕ ಮಾಡಬೇಕಾಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾರ್ಖಾನೆಯಿಂದ ವ್ಯಾಪಾರಿಗೆ ವಾಹನ ರವಾನೆಯಾದೊಡನೆ ಕಂಪೆನಿಯ ಪುಸ್ತಕದಲ್ಲಿ ಅದು ಮಾರಾಟವೆಂದೇ ದಾಖಲಾಗುತ್ತಿತ್ತು. ರವಾನೆಯೂ ಮಾರಾಟವೂ ಒಂದೇ ಶಾಯಿಯಲ್ಲಿ ಬರೆಯಲ್ಪಟ್ಟರೆ, ಕೇಂದ್ರಕ್ಕೆ ಬರುವ ಅಂಕಿ ಎಷ್ಟೇ ನಿಖರವಾಗಿರಲಿ, ಅದು ಕಾರ್ಖಾನೆಯ ಬಾಗಿಲಿನ ಅಂಕಿಯೇ ಹೊರತು ಗಿರಾಕಿಯ ಮನೆಯ ಅಂಕಿಯಲ್ಲ. ಸ್ವಿಫ್ಟರ ಶಾಖೆಗಳು ಕಂಪೆನಿಯವೇ ಆಗಿದ್ದುವು, ಮೋಟಾರು ವ್ಯಾಪಾರಿಗಳು ಸ್ವತಂತ್ರರು. ಭೇದಕ್ಕೆ ಸರಕಿನ ಸ್ವಭಾವ ಕಾರಣವಲ್ಲ, ಒಡೆತನ ಕಾರಣ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ತೂಕವುಳ್ಳದ್ದೇ. ಆದರೆ 1924ರಲ್ಲಿ ಒಪ್ಪಲು ಹಿಂಜರಿದವರು ವ್ಯಾಪಾರಿಗಳಲ್ಲ, ಕಂಪೆನಿಯ ಸ್ವಂತ ವಿಭಾಗಗಳ ವ್ಯವಸ್ಥಾಪಕರು. ಸಂಬಳದ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮನುಷ್ಯ ತನ್ನ ಉಗ್ರಾಣದ ನಿಜವನ್ನು ಹೇಳಿಬಿಡುತ್ತಾನೆಂಬುದಕ್ಕೆ ಆಧಾರ ಸಾಲದು.

ಈ ದಿಕ್ಕಿನಲ್ಲಿ ಚಾಂಡ್ಲರರನ್ನು ಮೀರಿ ಹೋದವರು ಜೋಆನ್ ಯೇಟ್ಸ್. ಅವರ ‘ಕಂಟ್ರೋಲ್ ಥ್ರೂ ಕಮ್ಯುನಿಕೇಷನ್’ (1989) ಇಲಿನಾಯ್ ಸೆಂಟ್ರಲ್ ರೈಲ್ವೆ, ಸ್ಕೋವಿಲ್ ಹಿತ್ತಾಳೆ ಕಾರ್ಖಾನೆ, ಡು ಪಾಂಟ್ ಸಿಡಿಮದ್ದಿನ ಕಂಪೆನಿ, ಈ ಮೂರರ ಕಾಗದಪತ್ರಗಳನ್ನು ಶೋಧಿಸಿ ಬರೆದ ಗ್ರಂಥ. (ಒಂದು ಗ್ರಂಥಾಲಯದ ಪಟ್ಟಿ ಈ ಪುಸ್ತಕ ಕಪಾಟಿನಲ್ಲಿದೆಯೆಂದು ಮೂರು ಸಲ ನನಗೆ ಭರವಸೆ ಕೊಟ್ಟಿತು, ಮೂರು ಸಲವೂ ಕಪಾಟಿನಲ್ಲಿ ಅದರ ಜಾಗ ಖಾಲಿಯಿತ್ತು. ಪ್ರಕೃತ ವಿಷಯಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಕಾಗಿಲ್ಲ.) ಚಾಂಡ್ಲರರು ‘ಮಾಹಿತಿ ಹರಿಯಿತು’ ಎಂದು ಒಂದು ವಾಕ್ಯದಲ್ಲಿ ಮುಗಿಸುವುದನ್ನು ಯೇಟ್ಸ್ ಅಧ್ಯಾಯಗಟ್ಟಲೆ ಬಿಡಿಸುತ್ತಾರೆ. ಯಾವ ಕಾಗದದ ಮೇಲೆ, ಎಷ್ಟು ಪ್ರತಿಗಳಲ್ಲಿ, ಯಾವ ನಮೂನೆಯಲ್ಲಿ, ಯಾವ ಪೆಟ್ಟಿಗೆಗೆ ಎಂಬುದೆಲ್ಲ ಅವರಿಗೆ ಮುಖ್ಯ. ಹೊರಡುವ ಪತ್ರಗಳನ್ನು ಒತ್ತಿ ನಕಲು ಮಾಡುತ್ತಿದ್ದ ಕಟ್ಟುಪುಸ್ತಕ, ಅದನ್ನು ಓಡಿಸಿದ ಬೆರಳಚ್ಚು ಯಂತ್ರ ಮತ್ತು ಇಂಗಾಲದ ಕಾಗದ, 1893ರ ಶಿಕಾಗೊ ವಿಶ್ವಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದ ನೆಟ್ಟನೆಯ ಕಡತಪೆಟ್ಟಿಗೆ, ಇವುಗಳ ವಿಷಯವನ್ನು ಇಷ್ಟು ರಸವತ್ತಾಗಿ ಬರೆಯಬಹುದೆಂದು ನಾನು ಭಾವಿಸಿರಲಿಲ್ಲ.

ಡು ಪಾಂಟ್ ಕಂಪೆನಿಯನ್ನು ಕುರಿತ ಭಾಗ ನಮಗೆ ಹೆಚ್ಚು ಪ್ರಸ್ತುತ. 1902ರಲ್ಲಿ ಮೂವರು ದಾಯಾದಿಗಳು ಅದನ್ನು ಕೈಗೆ ತೆಗೆದುಕೊಂಡು, ಚದುರಿಹೋಗಿದ್ದ ಅನೇಕ ಸಿಡಿಮದ್ದಿನ ಕಾರ್ಖಾನೆಗಳನ್ನು ವಿಲ್ಮಿಂಗ್ಟನ್ನಿನ ಕೇಂದ್ರ ಕಚೇರಿಯ ಅಧೀನಕ್ಕೆ ತಂದರು. ಸಿಡಿಮದ್ದಿನ ಕಾರ್ಖಾನೆಗಳನ್ನು ಒಂದೆಡೆ ಸೇರಿಸುವಂತಿಲ್ಲ. ಅಪಾಯ ಅವುಗಳನ್ನು ಚದುರಿಸಿಯೇ ಇಡುತ್ತದೆ. ಹಾಗಾಗಿ ಕಾಗದದ ಮೂಲಕ ಆಳುವುದು ಅಲ್ಲಿ ಅನಿವಾರ್ಯವಾಯಿತು. ಪ್ರಬಲ ಸ್ಫೋಟಕಗಳ ವಿಭಾಗದ ಮುಖ್ಯಸ್ಥ ಹ್ಯಾಮಿಲ್ಟನ್ ಬಾರ್ಕ್ಸ್‌ಡೇಲ್ ಕಾರ್ಖಾನೆಗಳ ಮೇಲ್ವಿಚಾರಕರನ್ನೆಲ್ಲ ಕಾಲಕಾಲಕ್ಕೆ ಒಂದೆಡೆ ಸಭೆ ಸೇರಿಸುವ ಪದ್ಧತಿಯನ್ನು ಬೆಳೆಸಿದರು. ವರದಿಗಳು ಅಷ್ಟೊಂದು ಬರುತ್ತಿರುವಾಗ ಮನುಷ್ಯರನ್ನು ಕರೆಸುವ ಅಗತ್ಯವೇನಿತ್ತು? ಸಭೆಗಳು ಒಗ್ಗಟ್ಟನ್ನೂ ಜ್ಞಾನವಿನಿಮಯವನ್ನೂ ಬೆಳೆಸಿದುವೆಂದು ಯೇಟ್ಸ್ ವಿವರಿಸುತ್ತಾರೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಪ್ಪತ್ತು ಮಂದಿ ಸಮಾನಸ್ಕಂಧರು ಎದುರುಬದರು ಕುಳಿತಾಗ, ವರದಿಯಲ್ಲಿ ಬರೆದ ಮಾತನ್ನು ಬಾಯಲ್ಲಿ ಹೇಳುವುದು ಕಷ್ಟವಾಗುತ್ತದೆ. ಪಕ್ಕದವನಿಗೆ ಆ ಕೆಲಸದ ಒಳಗುಟ್ಟು ಗೊತ್ತಿರುತ್ತದೆ. ಈ ಸಭೆಯನ್ನೂ ಸ್ಲೋನರ ಪ್ರವಾಸವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಎರಡೂ ಒಂದೇ ಕೊರತೆಯನ್ನು ತುಂಬುವ ಉಪಾಯಗಳೆಂದು ತೋರುತ್ತದೆ.

ಕಡತದ ಪದ್ಧತಿ ಬಂದ ಮೇಲೆ ಒಂದು ಪತ್ರದಲ್ಲಿ ಒಂದೇ ವಿಷಯವನ್ನು ಬರೆಯಬೇಕೆಂಬ ನಿಯಮ ಬಂದುದನ್ನೂ ಯೇಟ್ಸ್ ಗುರುತಿಸುತ್ತಾರೆ. ಇದರ ಲಾಭ ಸ್ಪಷ್ಟ. ನಷ್ಟವನ್ನು ಅವರು ಸಾಕಷ್ಟು ತೂಗಿಲ್ಲ. ಹಿಂದಿನ ಪತ್ರದಲ್ಲಿ ಸರಕಿನ ಬೇಡಿಕೆ, ಪೀಪಾಯಿಗಳು ಸೋರುತ್ತಿವೆಯೆಂಬ ದೂರು, ರವಾನೆಯ ಗುಮಾಸ್ತನಿಗೆ ಜ್ವರವೆಂಬ ಸುದ್ದಿ, ಎಲ್ಲವೂ ಕಲಸಿಕೊಂಡಿರಬಹುದಾಗಿತ್ತು. ಗುಮಾಸ್ತನ ಜ್ವರ ರವಾನೆಯ ತಡಕ್ಕೆ ಕಾರಣವೆಂದು ಓದುವವನು ತಾನಾಗಿ ಊಹಿಸುತ್ತಿದ್ದ. ಮೂರೂ ಮೂರು ಕಡತಗಳಿಗೆ ಹೋದ ಮೇಲೆ ಆ ಊಹೆ ಯಾರದು?

ಫಿಲಿಪ್ ಸ್ಕ್ರಾಂಟನ್ ತಮ್ಮ ‘ಎಂಡ್‌ಲೆಸ್ ನಾವೆಲ್ಟಿ’ (1997) ಗ್ರಂಥದಲ್ಲಿ, ಗಿರಾಕಿಯ ಬೇಡಿಕೆಗೆ ತಕ್ಕಂತೆ ಸಣ್ಣ ಸಣ್ಣ ತಂಡಗಳಾಗಿ ವಸ್ತುಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಗಳನ್ನು ಚಾಂಡ್ಲರರು ಅಲಕ್ಷಿಸಿದರೆಂದು ತೋರಿಸಿದ್ದಾರೆ. ಆ ವಿಮರ್ಶೆ ಪ್ರಸಿದ್ಧವಾದದ್ದು. ನನ್ನದು ಚಾಂಡ್ಲರರ ಸ್ವಂತ ಕ್ಷೇತ್ರದೊಳಗಿನ ಪ್ರಶ್ನೆಯಾದ್ದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಗಣಕಯಂತ್ರ ಬಂದ ಮೇಲೆ ಈ ಪ್ರಶ್ನೆಯೇ ಮುಗಿಯಿತೆಂದು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಭಾವಿಸುತ್ತಾರೆ. ಆದ್ದರಿಂದ ಗಣಕಯಂತ್ರವನ್ನು ವಾಣಿಜ್ಯದ ದಿನಚರಿ ಕೆಲಸಕ್ಕೆ ಮೊಟ್ಟಮೊದಲು ಹೂಡಿದ ಸಂಸ್ಥೆಯನ್ನೇ ನೋಡುವುದು ಯುಕ್ತ. ಅದು ಅಮೆರಿಕದ ಯಾವ ದೈತ್ಯ ಕಂಪೆನಿಯೂ ಅಲ್ಲ. ಇಂಗ್ಲೆಂಡಿನಲ್ಲಿ ಚಹ, ಬ್ರೆಡ್ಡು, ಕೇಕುಗಳನ್ನು ಮಾರುತ್ತಿದ್ದ ಜೆ. ಲಯನ್ಸ್ ಕಂಪೆನಿ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಎಡ್‌ಸ್ಯಾಕ್ ಯಂತ್ರದ ಮಾದರಿಯಲ್ಲಿ ತಾನೇ ಕಟ್ಟಿಕೊಂಡ ‘ಲಿಯೊ’ ಎಂಬ ಯಂತ್ರದಲ್ಲಿ, 1951ರ ನವೆಂಬರಿನಿಂದ ಲಂಡನ್ನಿನ ಕ್ಯಾಡ್ಬಿ ಹಾಲಿನಲ್ಲಿ ಅದು ತನ್ನ ಬೇಕರಿಗಳ ಉತ್ಪಾದನೆಯ ಮೌಲ್ಯವನ್ನು ಲೆಕ್ಕ ಹಾಕಿಸತೊಡಗಿತು. ನಮಗೆ ಮುಖ್ಯವಾದ ಕೆಲಸ 1954ರದು. ಊರಿನಲ್ಲೆಲ್ಲ ಹರಡಿದ್ದ ಚಹದಂಗಡಿಗಳಿಗೆ ನಾಳೆಗೆ ಬೇಕಾದ ತಿನಿಸುಗಳ ಬೇಡಿಕೆಯನ್ನು ತೆಗೆದುಕೊಂಡು, ಬೇಕರಿ ತಯಾರಿಸಬೇಕಾದ ಮೊತ್ತವನ್ನೂ ಪ್ರತಿ ಅಂಗಡಿಗೆ ಕಟ್ಟಿ ಕಳುಹಿಸಬೇಕಾದುದನ್ನೂ ಯಂತ್ರವೇ ಗೊತ್ತುಮಾಡತೊಡಗಿತು.

ಇಲ್ಲಿ ಸಂಬಂಧ ತಿರುಗುಮುರುಗಾಗಿದೆ, ನಿಜ. ತಯಾರಿಕೆ ಕೇಂದ್ರದಲ್ಲಿ, ದೂರವಿರುವುದು ಅಂಗಡಿ. ಆದರೂ ಬೇಡಿಕೆಯನ್ನು ರವಾನೆಗೆ ಗಂಟುಹಾಕುವ ಸಮಸ್ಯೆ ಅದೇ. ಲಯನ್ಸಿನವರು, ವಿಶೇಷವಾಗಿ ಕಾರ್ಯಪದ್ಧತಿಗಳನ್ನು ರೂಪಿಸಿದ ಡೇವಿಡ್ ಕ್ಯಾಮಿನರ್, ಕಂಡುಕೊಂಡ ಮಾರ್ಗ ಮೆಚ್ಚತಕ್ಕದ್ದು. ವಾರದ ಪ್ರತಿ ದಿನಕ್ಕೂ ಪ್ರತಿ ಅಂಗಡಿಗೂ ಒಂದು ಸ್ಥಿರವಾದ ಬೇಡಿಕೆಯಿರುತ್ತದೆ. ಅಂಗಡಿಯ ಮೇಲ್ವಿಚಾರಕಿ ಮಧ್ಯಾಹ್ನ ದೂರವಾಣಿಯಲ್ಲಿ ಹೇಳಬೇಕಾದದ್ದು ವ್ಯತ್ಯಾಸವನ್ನು ಮಾತ್ರ: ನಾಳೆ ಮಳೆ ಬರುವಂತಿದೆಯೆಂದು ಕಂಡರೆ ಇಂಥದು ಇಷ್ಟು ಕಡಿಮೆ, ಪಕ್ಕದಲ್ಲಿ ಜಾತ್ರೆಯಿದ್ದರೆ ಇಂಥದು ಇಷ್ಟು ಹೆಚ್ಚು. ಕೇಂದ್ರದಲ್ಲಿ ಕೇಳಿಸಿಕೊಳ್ಳುತ್ತಿದ್ದ ಹೆಂಗಸರು ಕಿವಿಯಲ್ಲಿ ಕೇಳಿದ್ದನ್ನು ಕೂಡಲೆ ರಂಧ್ರಪತ್ರದ ಮೇಲೆ ಒತ್ತುತ್ತಿದ್ದರು. ನಡುವೆ ನಕಲು ಮಾಡುವ ಗುಮಾಸ್ತನಿಲ್ಲ. ಹೇಳಬೇಕಾದುದನ್ನು ಇಷ್ಟು ಕಡಿಮೆ ಮಾಡಿದ್ದೇ ಇದರ ಜಾಣತನ. ಎಲ್ಲವನ್ನೂ ವರದಿ ಮಾಡೆಂದು ದೂರದವರನ್ನು ಪೀಡಿಸಿದ ಪದ್ಧತಿಗಳಿಗಿಂತ ಇದು ಮೇಲು.

ಆದರೆ ಇದೂ ಕೆಡುವ ಸರಕೇ ಎಂಬುದನ್ನು ಮರೆಯಬಾರದು. ಮೇಲ್ವಿಚಾರಕಿ ತಪ್ಪಾಗಿ ಹೇಳಿದರೆ ಮರುದಿನ ಸಂಜೆ ಉಳಿದ ತಿನಿಸು ಅದನ್ನು ಹೇಳುತ್ತಿತ್ತು. ಹಾಗಾಗಿ ಆ ವ್ಯವಸ್ಥೆಗೆ ಅವಳ ಮಾತನ್ನು ಬೇರೆ ರೀತಿಯಲ್ಲಿ ಪರೀಕ್ಷಿಸುವ ಅಗತ್ಯವಿರಲಿಲ್ಲ. ಮೊದಲ ವಾಣಿಜ್ಯ ಗಣಕಯಂತ್ರ ಬೇಕರಿಯಲ್ಲಿ ಯಶಸ್ವಿಯಾದುದನ್ನು ಕಂಡು, ಅದೇ ಯಶಸ್ಸು ಕಬ್ಬಿಣದ ಕಾರ್ಖಾನೆಗೂ ಯಂತ್ರದ ಬಿಡಿಭಾಗಗಳ ಉಗ್ರಾಣಕ್ಕೂ ತಾನಾಗಿ ಬರುವುದೆಂದು ನಿರೀಕ್ಷಿಸುವುದು, ಸ್ವಿಫ್ಟರನ್ನೂ ಸ್ಲೋನರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ. ಬೋಲ್ಟು ನಾರುವುದಿಲ್ಲ. ಯಂತ್ರದ ಸ್ಮರಣೆಯಲ್ಲಿ ಸಾವಿರವೆಂದು ಬರೆದಿದ್ದು, ಪೆಟ್ಟಿಗೆಯಲ್ಲಿ ಆರುನೂರೇ ಇದ್ದರೆ, ಯಾರಾದರೂ ಕೈಹಾಕಿ ಎಣಿಸುವವರೆಗೆ ಯಂತ್ರಕ್ಕೆ ಅದು ಸಾವಿರವೇ. ಅಷ್ಟರಲ್ಲಿ ಆ ಸಾವಿರವನ್ನು ನಂಬಿ ಕೇಂದ್ರ ಕಚೇರಿ ಯಾರಿಗೋ ದಿನಾಂಕ ಹಾಕಿ ಮಾತು ಕೊಟ್ಟಿರುತ್ತದೆ. ಆ ಮಾತು ತಪ್ಪಿದಾಗ ಉತ್ತರ ಹೇಳಬೇಕಾದವನು ಕಾರ್ಖಾನೆಯ ರವಾನೆಯ ಗುಮಾಸ್ತ. ಮಾತು ಕೊಟ್ಟವನು ಅವನಲ್ಲ.

ನಮ್ಮ ನಾಡಿನ ಕೈಗಾರಿಕಾ ಇತಿಹಾಸಕ್ಕೂ ಈ ಪ್ರಶ್ನೆ ಸಲ್ಲುತ್ತದೆ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷೀನ್ ಟೂಲ್ಸ್ ಸಂಸ್ಥೆ 1960ರ ದಶಕದಲ್ಲಿ ಪಿಂಜೋರ್, ಕಳಮಶ್ಶೇರಿ, ಹೈದರಾಬಾದುಗಳಲ್ಲಿ ಕಾರ್ಖಾನೆಗಳನ್ನು ತೆರೆಯಿತು. ಲೇತ್ ಯಂತ್ರ ಮಾಂಸದಂತಲ್ಲ, ಮೋಟಾರಿನಂತೆ. ಬೆಂಗಳೂರಿನ ಕಚೇರಿಗೂ ಪಿಂಜೋರಿನ ಉಗ್ರಾಣಕ್ಕೂ ನಡುವೆ ಬೇಡಿಕೆ ಆಜ್ಞೆಯಾದ ಬಗೆಯನ್ನು, ನಿವೃತ್ತರಾದ ನೌಕರರನ್ನು ಕೇಳಿಯಾದರೂ ಬರೆದಿಡಲು ಇನ್ನೂ ಕಾಲ ಮಿಂಚಿಲ್ಲ. ಸ್ಥಾಪಕರ ಸಂಕಲ್ಪ, ಉದ್ಘಾಟನೆಯ ದಿನಾಂಕ, ವಾರ್ಷಿಕ ಉತ್ಪಾದನೆಯ ಮೊತ್ತ, ಇಷ್ಟಕ್ಕೇ ನಿಲ್ಲುವ ಕಾರ್ಖಾನೆಯ ಚರಿತ್ರೆಗಳನ್ನು ವಿದ್ಯಾರ್ಥಿಗಳು ಬರೆದು ತಂದಾಗ ನನಗೆ ಬೇಸರವಾಗುತ್ತದೆಂಬುದನ್ನು ಮುಚ್ಚಿಡುವುದಿಲ್ಲ.

ಚಾಂಡ್ಲರರ ದೋಷಕ್ಕೆ ಒಂದು ಸಮಾಧಾನವನ್ನು ಹೇಳಲೇಬೇಕು. ಕೇಂದ್ರ ಕಚೇರಿ ತನ್ನ ಕಾಗದಗಳನ್ನು ಉಳಿಸಿಕೊಳ್ಳುತ್ತದೆ. ದೂರದ ಉಗ್ರಾಣದ ಕಾಗದಗಳನ್ನು ಗೆದ್ದಲು ತಿನ್ನುತ್ತದೆ, ಇಲ್ಲವೆ ಕಾರ್ಖಾನೆ ಮುಚ್ಚಿದ ದಿನ ಗುಜರಿಗೆ ಹೋಗುತ್ತವೆ. ಇತಿಹಾಸಕಾರ ಕಡತವಿದ್ದಲ್ಲಿಗೆ ಹೋಗಬೇಕಾದವನು. ಆದರೆ ಕೇಂದ್ರದ ಕಡತಗಳಲ್ಲಿಯೇ ದೂರದ ಕಾರ್ಖಾನೆಯ ದನಿ ಕೇಳುವ ಸ್ಥಳಗಳಿವೆ: ವಿವಾದದ ಪತ್ರಗಳು, ದಾಸ್ತಾನು ಪರೀಕ್ಷೆಯ ಟಿಪ್ಪಣಿಗಳು, ನಮೂನೆಯನ್ನು ತುಂಬಲು ಒಪ್ಪದ ಮೇಲ್ವಿಚಾರಕನ ಉತ್ತರಗಳು. ಡು ಪಾಂಟ್ ಕಂಪೆನಿಯ ಕಾಗದಪತ್ರಗಳು ಡೆಲವೇರಿನ ಹ್ಯಾಗ್ಲಿ ಗ್ರಂಥಾಲಯದಲ್ಲಿವೆ. ಸ್ಕೋವಿಲ್ ಕಾರ್ಖಾನೆಯವು ಹಾರ್ವರ್ಡಿನ ಬೇಕರ್ ಗ್ರಂಥಾಲಯದಲ್ಲಿ. ಇಲಿನಾಯ್ ಸೆಂಟ್ರಲಿನವು ಶಿಕಾಗೊದ ನ್ಯೂಬೆರಿ ಗ್ರಂಥಾಲಯದಲ್ಲಿ. ಯೇಟ್ಸ್ ಇವುಗಳನ್ನು ಕಾಗದದ ರೂಪಗಳಿಗಾಗಿ ಓದಿದರು. ಲೆಕ್ಕಕ್ಕೂ ಉಗ್ರಾಣಕ್ಕೂ ತಾಳೆಯಾಗದ ಸಂದರ್ಭಗಳಿಗಾಗಿ ಮತ್ತೊಮ್ಮೆ ಓದುವುದಾದರೆ, ಮೊದಲು ತೆರೆಯಬೇಕಾದ ಕಟ್ಟು ಡು ಪಾಂಟಿನ ಮೇಲ್ವಿಚಾರಕರ ಸಭೆಗಳದು.